ಕ್ಲೇ ಬಾರ್ ಉಜ್ಜಿದರೆ ಕಾರಿನ ವ್ಯಾಕ್ಸ್ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಕ್ಸ್ ಹಾಕಿದ ಕಾರಿಗೆ ಕ್ಲೇ ಬಾರ್ ಉಜ್ಜಿದರೆ ವ್ಯಾಕ್ಸ್ ಹೋಗಿಬಿಡುತ್ತದೆಯೇ?

ಹೌದು, ಬಹುಪಾಲು ಹೋಗುತ್ತದೆ. ಪೇಂಟಿನ ಮೇಲೆ ಉಳಿಯುವ ವ್ಯಾಕ್ಸ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು, ಜೊತೆಗೆ ಮೆತ್ತಗೆ. ಕ್ಲೇ ಬಾರ್ ಎಂದರೆ ಜಿಗುಟು ಪಾಲಿಮರ್ ಮುದ್ದೆಯಲ್ಲಿ ಅತಿ ನುಣ್ಣಗಿನ ಸಾಣೆ ಕಣಗಳನ್ನು ಬೆರೆಸಿ ಮಾಡಿದ ವಸ್ತು. ಪೇಂಟಿನ ಮೇಲೆ ಅಂಟಿ ಕೂತದ್ದನ್ನು ಕತ್ತರಿಸಿ ತನ್ನೊಳಗೆ ಎಳೆದುಕೊಳ್ಳುವುದು ಅದರ ಕೆಲಸ. ಇದು ಕೊಳೆ, ಇದು ವ್ಯಾಕ್ಸ್ ಎಂಬ ಭೇದ ಅದಕ್ಕೆ ತಿಳಿಯದು.

ಆದರೆ ವ್ಯಾಕ್ಸ್ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ತರಿ ಹೆಚ್ಚಿದ್ದ ಬಾನೆಟ್ ಮೇಲೆ ಹತ್ತು ಸಲ ಕೈ ಆಡಿಸಿರುತ್ತೀರಿ, ರೂಫ್ ಮೇಲೆ ಮೂರೇ ಸಲ. ಒಂದು ಕಡೆ ಪೇಂಟ್ ಬರಿದಾಗಿರುತ್ತದೆ, ಇನ್ನೊಂದು ಕಡೆ ಹಳೆಯ ಪದರದ ತುಣುಕುಗಳು ಉಳಿದಿರುತ್ತವೆ. ಈ ಅರೆಬರೆ ರಕ್ಷಣೆಯನ್ನು ನಂಬಿಕೊಂಡು ಕೂರುವಂತಿಲ್ಲ. ಕ್ಲೇ ಮುಗಿಯಿತೆಂದರೆ ಕಾರಿನ ಮೇಲೆ ವ್ಯಾಕ್ಸ್ ಇಲ್ಲ ಎಂದೇ ಲೆಕ್ಕ ಹಾಕಿ. ಅದೇ ದಿನ ವ್ಯಾಕ್ಸ್ ಹಾಕಲು ಸಮಯವಿಲ್ಲದಿದ್ದರೆ ಕ್ಲೇ ಡಬ್ಬ ತೆರೆಯಬೇಡಿ.

ಚೆನ್ನಾಗಿ ತೊಳೆದರೆ ಸಾಲದೇ? ಕ್ಲೇ ಯಾಕೆ ಬೇಕು?

ಶಾಂಪೂ ತೆಗೆಯುವುದು ಸಡಿಲವಾಗಿ ಕೂತ ಧೂಳು, ಮಣ್ಣು, ಜಿಡ್ಡನ್ನು. ಬ್ರೇಕ್ ಹಿಡಿದಾಗ ಹಾರುವ ಬಿಸಿ ಕಬ್ಬಿಣದ ಕಣಗಳು, ರೈಲು ಹಳಿಯ ಪಕ್ಕ ಏಳುವ ಲೋಹದ ಪುಡಿ, ಕಾರ್ಖಾನೆ ಹೊಗೆಯ ಮಸಿ, ಹತ್ತಿರದಲ್ಲೆಲ್ಲೋ ಸ್ಪ್ರೇ ಮಾಡಿದ ಬಣ್ಣದ ತುಂತುರು, ಡಾಂಬರಿನ ಚುಕ್ಕೆ, ಮರದ ಅಂಟು ಇವೆಲ್ಲ ಪೇಂಟಿಗೆ ಕಚ್ಚಿಕೊಂಡು ಕೂರುತ್ತವೆ. ಎಷ್ಟು ಸಲ ತೊಳೆದರೂ ಅಲ್ಲೇ ಇರುತ್ತವೆ.

ಇವುಗಳ ಮೇಲೆಯೇ ವ್ಯಾಕ್ಸ್ ಹಾಕಿದರೆ ಅದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಬದಲು ಕೊಳೆಯನ್ನು ಹಿಡಿದುಕೊಳ್ಳುತ್ತದೆ. ಆ ಕೊಳೆ ಸಡಿಲವಾದ ದಿನ ಮೇಲಿನ ವ್ಯಾಕ್ಸೂ ಅದರ ಜೊತೆಗೇ ಹೋಗುತ್ತದೆ. ಕಬ್ಬಿಣದ ಕಣ ವ್ಯಾಕ್ಸ್ ಪದರಕ್ಕಿಂತ ಎಷ್ಟೋ ಪಾಲು ಎತ್ತರ. ಮೇಲೆ ಎಷ್ಟು ಸವರಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ತೇವ ತಗುಲುತ್ತಿದ್ದಂತೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ಬಿಳಿ ಕಾರಿನ ಮೇಲೆ ಕಾಣುವ ಕಂದು ಚುಕ್ಕೆಗಳಲ್ಲಿ ಹೆಚ್ಚಿನವು ಇವೇ.

ಹೀಗಾಗಿ ಕ್ಲೇ ಹಳೆಯ ವ್ಯಾಕ್ಸನ್ನು ತೆಗೆದರೂ ಹೊಸ ವ್ಯಾಕ್ಸಿಗೆ ಒಳ್ಳೆಯ ನೆಲೆ ಮಾಡಿಕೊಡುತ್ತದೆ. ನುಣುಪಾದ, ಸ್ವಚ್ಛ ಕ್ಲಿಯರ್ ಕೋಟ್ ಮೇಲೆ ಅದೇ ಡಬ್ಬದ ವ್ಯಾಕ್ಸ್ ಹೆಚ್ಚು ದಿನ ನಿಲ್ಲುತ್ತದೆ, ಕಡಿಮೆ ಪ್ರಮಾಣದಲ್ಲಿ ಹರಡುತ್ತದೆ, ಒರೆಸುವುದೂ ಸಲೀಸು.

ನನ್ನ ಕಾರಿಗೆ ಈಗ ಕ್ಲೇ ಬೇಕೋ ಬೇಡವೋ, ತಿಳಿಯುವುದು ಹೇಗೆ?

ಕಣ್ಣಿನಿಂದ ತಿಳಿಯುವುದು ಕಷ್ಟ, ಬೆರಳಿನಿಂದ ಸುಲಭ. ಕಾರನ್ನು ತೊಳೆದು ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಬೆರಳ ತುದಿಗಳನ್ನು ಪೇಂಟಿನ ಮೇಲೆ ಹಗುರವಾಗಿ ಜಾರಿಸಿ. ಬರಿಗೈಗೆ ಸಿಗದ ತರಿ ಚೀಲದೊಳಗಿನ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಗಾಜಿನಂತೆ ಜಾರಿದರೆ ಕ್ಲೇ ಬೇಡ. ಮರಳು ಕಾಗದದ ಮೇಲೆ ಕೈ ಆಡಿಸಿದ ಹಾಗಾದರೆ ಬೇಕು.

ಒಂದೇ ಕಡೆ ಮುಟ್ಟಿ ತೀರ್ಮಾನಿಸಬೇಡಿ. ಬಾನೆಟ್, ರೂಫ್, ಡಿಕ್ಕಿಯ ಮೇಲ್ಭಾಗ, ಹಿಂಬದಿ ಚಕ್ರದ ಹಿಂದಿನ ಭಾಗ, ಬಾಗಿಲಿನ ಕೆಳಗಿನ ಅಂಚು ಎಲ್ಲವನ್ನೂ ನೋಡಿ. ಅಡ್ಡಲಾಗಿರುವ ಭಾಗಗಳ ಮೇಲೆ ಗಾಳಿಯ ಕೊಳೆ ಹೆಚ್ಚು ಕೂರುತ್ತದೆ, ಕೆಳಭಾಗಕ್ಕೆ ಡಾಂಬರು ಮತ್ತು ಬ್ರೇಕ್ ಪುಡಿ ಸಿಡಿಯುತ್ತದೆ, ಬಾಗಿಲಿನ ನಡುಭಾಗ ಹಲವು ಸಲ ಚೆನ್ನಾಗಿಯೇ ಇರುತ್ತದೆ. ತರಿ ಇರುವಲ್ಲಿ ಮಾತ್ರ ಕ್ಲೇ ಹಾಕಿದರೆ ತಪ್ಪೇನಿಲ್ಲ.

ಹೊಸ ಕಾರಾದರೂ ಈ ಪರೀಕ್ಷೆ ಮಾಡಿ. ಕಾರ್ಖಾನೆಯಿಂದ ರೈಲಿನಲ್ಲೋ ಲಾರಿಯಲ್ಲೋ ಬಂದು, ಬಯಲಿನಲ್ಲಿ ವಾರಗಟ್ಟಲೆ ನಿಂತ ಕಾರಿನ ಮೇಲೆ ಲೋಹದ ಪುಡಿ ಇರುವುದು ಮಾಮೂಲು.

ನೀರು ಮಣಿಮಣಿಯಾಗಿ ನಿಲ್ಲುತ್ತಿಲ್ಲ. ವ್ಯಾಕ್ಸ್ ಮುಗಿಯಿತು ಎಂದರ್ಥವೇ?

ಹಾಗೆಂದು ಹೇಳಲಾಗದು. ಇಲ್ಲಿ ಬಹಳ ಜನ ಎಡವುತ್ತಾರೆ: ಬದುಕಿರುವ ವ್ಯಾಕ್ಸನ್ನು ಸತ್ತಿತೆಂದುಕೊಂಡು ಕ್ಲೇ ಉಜ್ಜಿ ನಿಜವಾಗಿಯೇ ತೆಗೆದುಹಾಕುತ್ತಾರೆ. ರಸ್ತೆಯ ಎಣ್ಣೆ ಅಂಶ, ಮಸಿ, ಗಡಸು ನೀರಿನ ಸುಣ್ಣ ಇವು ವ್ಯಾಕ್ಸಿನ ಮೇಲೆ ತೆಳು ಪೊರೆ ಕಟ್ಟುತ್ತವೆ. ಆಗ ನೀರಿಗೆ ತಗುಲುವುದು ಆ ಪೊರೆಯೇ ಹೊರತು ವ್ಯಾಕ್ಸ್ ಅಲ್ಲ.

ಮೊದಲು ವ್ಯಾಕ್ಸ್ ಬೆರೆಸಿರದ ಸಾದಾ ಕಾರ್ ಶಾಂಪೂವಿನಿಂದ ಚೆನ್ನಾಗಿ ತೊಳೆಯಿರಿ. ಆ ಮೇಲೂ ನೀರು ಹರಡಿಕೊಂಡೇ ನಿಂತರೆ ಒಂದು ಭಾಗಕ್ಕೆ ಮಾತ್ರ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿ, ತೊಳೆದು ನೋಡಿ. ಅಲ್ಲಿ ಮಣಿ ಮತ್ತೆ ಕಟ್ಟಿದರೆ ವ್ಯಾಕ್ಸ್ ಇದೆ, ಕೊಳೆ ಅದನ್ನು ಮುಚ್ಚಿತ್ತು ಅಷ್ಟೆ. ಎರಡರ ನಂತರವೂ ನೀರು ಹಾಳೆಯಂತೆ ಹರಡಿ ನಿಧಾನ ಇಳಿಯುತ್ತಿದ್ದರೆ ವ್ಯಾಕ್ಸ್ ಮುಗಿದಿದೆ.

ನೀರು ಮಣಿಯಾಗಿ ನಿಂತ ಮಾತ್ರಕ್ಕೆ ಪೇಂಟ್ ಸ್ವಚ್ಛವಾಗಿದೆ ಎಂದೂ ಅಲ್ಲ. ತರಿತರಿ ಪೇಂಟಿನ ಮೇಲೆ ಹೊಸದಾಗಿ ಸ್ಪ್ರೇ ವ್ಯಾಕ್ಸ್ ಹೊಡೆದರೂ ಮಣಿ ಚೆಂದವಾಗಿಯೇ ನಿಲ್ಲುತ್ತದೆ. ನೀರಿನ ಪರೀಕ್ಷೆ ವ್ಯಾಕ್ಸಿಗೆ, ಚೀಲದ ಪರೀಕ್ಷೆ ಕೊಳೆಗೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ವ್ಯಾಕ್ಸ್ ಹಾಕಿ ಒಂದೇ ತಿಂಗಳಾಗಿದೆ. ಅದನ್ನು ಉಳಿಸಿಕೊಂಡು ಕ್ಲೇ ಮಾಡಲು ದಾರಿ ಇದೆಯೇ?

ಇಡೀ ಕಾರಿಗೆ ಉಜ್ಜಿ ವ್ಯಾಕ್ಸ್ ಉಳಿಸುವುದು ಆಗದ ಮಾತು. ಆದರೆ ತರಿ ಇರುವುದು ಒಂದೆರಡು ಕಡೆ ಮಾತ್ರವಾದರೆ ಅಷ್ಟಕ್ಕೇ ನುಣುಪು ದರ್ಜೆಯ ಕ್ಲೇ ಹಾಕಿ, ಆ ಜಾಗಕ್ಕೂ ಸುತ್ತ ನಾಲ್ಕು ಬೆರಳಗಲಕ್ಕೂ ಅದೇ ವ್ಯಾಕ್ಸ್ ಮತ್ತೆ ಸವರಿ. ವ್ಯಾಕ್ಸಿನಲ್ಲಿ ಇದೊಂದು ಅನುಕೂಲ: ತೇಪೆ ಹಾಕಿದ್ದು ಕಾಣುವುದಿಲ್ಲ.

ಕ್ಲೇ ಮಾಡುವ ಸರಿಯಾದ ಕ್ರಮ ಯಾವುದು?

ನೆರಳಿನಲ್ಲಿ ನಿಲ್ಲಿಸಿ. ಅಂಗೈ ಇಟ್ಟಾಗ ಪೇಂಟ್ ತಣ್ಣಗಿರಬೇಕು. ಬಿಸಿ ಬಾನೆಟ್ ಮೇಲೆ ಜಾರು ದ್ರಾವಣ (ಕ್ಲೇ ಸಲೀಸಾಗಿ ಜಾರಲೆಂದು ಸಿಂಪಡಿಸುವುದು) ಅರೆಕ್ಷಣದಲ್ಲಿ ಆರುತ್ತದೆ, ಕ್ಲೇ ಮೆತ್ತಗಾಗಿ ಪೇಂಟಿಗೆ ಬಳಿದುಕೊಳ್ಳುತ್ತದೆ.

ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ಕಾರು ತೊಳೆಯುವ ಕೈಗವಸು) ಜಾಲಿಸಲು ಬರಿ ನೀರು, ಕಾರನ್ನು ತೊಳೆಯಿರಿ. ನಂತರ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿ, ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ. ನೇರಳೆ ಬಣ್ಣ ಇಳಿಯುವುದು ಕಾಣುತ್ತದೆ. ಆರಲು ಬಿಡದೆ ತೊಳೆಯಿರಿ. ಡಾಂಬರಿನ ಚುಕ್ಕೆಗಳಿದ್ದರೆ ಟಾರ್ ರಿಮೂವರ್ ಹಾಕಿದ ಬಟ್ಟೆಯನ್ನು ಅವುಗಳ ಮೇಲೆ ಅರೆ ನಿಮಿಷ ಒತ್ತಿಹಿಡಿದು ಒರೆಸಿ, ಮತ್ತೆ ತೊಳೆಯಿರಿ. ರಾಸಾಯನಿಕ ಎಷ್ಟು ತೆಗೆಯುತ್ತದೋ ಕ್ಲೇ ಅಷ್ಟು ಕಡಿಮೆ ಉಜ್ಜಿದರೆ ಸಾಕು, ಗೀರುಗಳೂ ಅಷ್ಟು ಕಡಿಮೆ.

ಈಗ ಕ್ಲೇ. 100 ಗ್ರಾಂ ಬಾರ್ ಇದ್ದರೆ ಅರ್ಧ ಮುರಿದುಕೊಳ್ಳಿ, ಉಳಿದರ್ಧ ಡಬ್ಬದಲ್ಲೇ ಇರಲಿ. ಅದು ಗಟ್ಟಿಯಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನೆನೆಸಿ. ನಾದಿ, ಮೂರು ಬೆರಳು ಕೂರುವಷ್ಟು ಅಗಲಕ್ಕೆ ಚಪ್ಪಟೆ ಮಾಡಿ. ಒಂದು ಸಲಕ್ಕೆ ಸುಮಾರು 45 ಸೆಂಟಿಮೀಟರ್ ಉದ್ದಗಲದ ಜಾಗ ಸಾಕು. ಅಲ್ಲಿಗೂ ಕ್ಲೇಗೂ ಜಾರು ದ್ರಾವಣ ಧಾರಾಳವಾಗಿ ಸಿಂಪಡಿಸಿ, ನೇರ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಜಾರಿಸಿ. ಗುಂಡಗೆ ಸುತ್ತಿಸಬೇಡಿ: ಗೀರು ಬಿದ್ದರೆ ನೇರ ಗೀರಿಗಿಂತ ಸುತ್ತು ಗೀರು ಬೆಳಕಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ.

ಒತ್ತಬೇಡಿ. ಕ್ಲೇ ಕೆಳಗೆ ಬೀಳದಂತೆ ಹಿಡಿಯಲು ಬೇಕಾದಷ್ಟೇ ಬಲ ಸಾಕು. ಶುರುವಿನಲ್ಲಿ ಕರಕರ ಸದ್ದು ಬರುತ್ತದೆ, ಬೆರಳಿಗೆ ಸಣ್ಣ ಎಳೆತ ತಿಳಿಯುತ್ತದೆ. ನಾಲ್ಕೈದು ಸಲ ಹೋಗಿ ಬರುವಷ್ಟರಲ್ಲಿ ಸದ್ದು ನಿಂತು ಕ್ಲೇ ಸುಮ್ಮನೆ ಜಾರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ. ಆ ಮೇಲೂ ಉಜ್ಜುತ್ತಿದ್ದರೆ ಗೀರು ಹೆಚ್ಚುವುದೇ ಹೊರತು ನುಣುಪು ಹೆಚ್ಚುವುದಿಲ್ಲ.

ಪ್ರತಿ ಜಾಗ ಮುಗಿದಾಗಲೂ ಕ್ಲೇಯ ಮುಖ ನೋಡಿ. ಕಂದು ಅಥವಾ ಬೂದು ಬಣ್ಣ ಬಂದಿದ್ದರೆ ಮಡಚಿ, ನಾದಿ, ಶುಭ್ರ ಮುಖ ಹೊರತನ್ನಿ. ಮೈಕ್ರೋಫೈಬರ್ ಬಟ್ಟೆಯಿಂದ ದ್ರಾವಣ ಒರೆಸಿ, ಚೀಲದ ಪರೀಕ್ಷೆ ಮತ್ತೆ ಮಾಡಿ ಮುಂದಿನ ಜಾಗಕ್ಕೆ ಹೋಗಿ. ಮೇಲಿನಿಂದ ಕೆಳಕ್ಕೆ ಬನ್ನಿ: ರೂಫ್, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ, ಕೊನೆಗೆ ಕೆಳಭಾಗ ಮತ್ತು ಬಂಪರ್. ಮಧ್ಯಮ ಗಾತ್ರದ ಕಾರಿಗೆ ಒಂದರಿಂದ ಎರಡು ಗಂಟೆ, ಅರ್ಧ ಲೀಟರಿನಷ್ಟು ಜಾರು ದ್ರಾವಣ ಹಿಡಿಯುತ್ತದೆ.

ಮುಗಿದ ಮೇಲೆ ಇಡೀ ಕಾರನ್ನು ಶಾಂಪೂ ಹಾಕಿ ಇನ್ನೊಮ್ಮೆ ತೊಳೆಯಿರಿ. ಈ ಹಂತ ಬಿಟ್ಟರೆ ಜಾರು ದ್ರಾವಣದ ಪೊರೆ ಮತ್ತು ಕ್ಲೇಯ ತೆಳು ಕುರುಹು ಉಳಿದು, ಮೇಲೆ ಹಾಕಿದ ವ್ಯಾಕ್ಸ್ ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಜಾರು ದ್ರಾವಣಕ್ಕೆ ಬರಿ ನೀರು ಆಗದೇ? ಪಾತ್ರೆ ತೊಳೆಯುವ ಸೋಪು?

ಬರಿ ನೀರು ಬೇಡ. ನೀರಿಗೆ ಜಾರಿಸುವ ಗುಣ ಸಾಲದು, ಕ್ಲೇ ಪೇಂಟನ್ನು ಕಚ್ಚುತ್ತದೆ. ಪಾತ್ರೆ ಸೋಪಿನ ನೊರೆ ಬೇಗ ಆರುತ್ತದೆ, ಕೆಲವು ಬಗೆಯ ಕ್ಲೇಯನ್ನು ಮೆತ್ತಗಾಗಿಸಿ ಪುಡಿಗಟ್ಟುತ್ತದೆ. ಕ್ಲೇಗೆಂದೇ ಮಾಡಿದ ದ್ರಾವಣ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾದಾ ಕಾರ್ ಶಾಂಪೂವನ್ನು, ತೊಳೆಯಲು ಕಲಸುವುದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ.

ಇನ್ನೊಂದು ಎಚ್ಚರಿಕೆ ಬೇಕು. ಕೆಲವು ಕ್ವಿಕ್ ಡೀಟೇಲರ್ (ಸಿಂಪಡಿಸಿ ಒರೆಸಿದರೆ ಹೊಳಪು ಕೊಡುವ) ಸ್ಪ್ರೇಗಳಲ್ಲಿ ವ್ಯಾಕ್ಸ್ ಅಥವಾ ಸಿಲಿಕೋನ್ ಇರುತ್ತದೆ. ಅವುಗಳಿಂದ ಕ್ಲೇ ಸೊಗಸಾಗಿ ಜಾರುತ್ತದೆ, ಆದರೆ ಉಜ್ಜಿದ ಜಾಗದಲ್ಲಿ ಹೊಳಪಿನ ಪೊರೆ ಬಿಡುತ್ತದೆ. ನೀರು ಮಣಿ ಕಟ್ಟುವುದನ್ನು ಕಂಡು ಹಳೆಯ ವ್ಯಾಕ್ಸ್ ಉಳಿದಿದೆ ಎಂದುಕೊಳ್ಳುತ್ತೀರಿ. ಅದು ವ್ಯಾಕ್ಸ್ ಅಲ್ಲ, ಸ್ಪ್ರೇಯ ಉಳಿಕೆ. ಒಂದೆರಡು ತೊಳೆತದಲ್ಲಿ ಹೋಗಿಬಿಡುತ್ತದೆ.

ಕ್ಲೇ ಕೆಳಗೆ ಬಿತ್ತು. ತೊಳೆದು ಬಳಸಬಹುದೇ?

ಬೇಡ, ಎಸೆಯಿರಿ. ನೆಲದ ಮರಳು ಮುದ್ದೆಯೊಳಗೆ ಹೂತುಕೊಳ್ಳುತ್ತದೆ, ತೊಳೆದರೆ ಬರುವುದಿಲ್ಲ. ಒಂದೇ ಒಂದು ಹರಳು ಉಳಿದರೂ ಬಾಗಿಲಿನ ಉದ್ದಕ್ಕೂ ಗೀರು ಎಳೆಯುತ್ತದೆ. ಬಾರನ್ನು ಅರ್ಧ ಮುರಿದುಕೊಳ್ಳಿ ಎಂದದ್ದು ಇದಕ್ಕೇ.

ಕ್ಲೇ ಮಿಟ್, ಕ್ಲೇ ಟವೆಲ್ ವ್ಯಾಕ್ಸಿಗೆ ಕಡಿಮೆ ಹಾನಿ ಮಾಡುತ್ತವೆಯೇ?

ಇಲ್ಲ, ಅವೂ ವ್ಯಾಕ್ಸ್ ತೆಗೆಯುತ್ತವೆ. ಬಟ್ಟೆಯ ಒಂದು ಮುಖಕ್ಕೆ ರಬ್ಬರಿನಂಥ ಪಾಲಿಮರ್ ಪದರ ಅಂಟಿಸಿರುತ್ತಾರೆ. ಅಗಲ ಹೆಚ್ಚು, ಕೆಲಸ ಬೇಗ. ಕೆಳಗೆ ಬಿದ್ದರೆ ತೊಳೆದು ಬಳಸಲೂಬಹುದು. ಆದರೆ ಬಾರ್‌ನಲ್ಲಿ ಬೆರಳ ತುದಿಗೆ ಸಿಗುವ ಸೂಕ್ಷ್ಮ ಇದರಲ್ಲಿ ಸಿಗುವುದಿಲ್ಲ, ತರಿ ಹೋದ ಕ್ಷಣ ಗೊತ್ತಾಗದೆ ಬೇಕಾದ್ದಕ್ಕಿಂತ ಹೆಚ್ಚು ಉಜ್ಜುವ ಅಪಾಯವಿದೆ. ಕೊಳೆಯನ್ನು ಮಡಚಿ ಒಳಗೆ ಹಾಕಲೂ ಆಗದು, ಆದ್ದರಿಂದ ಪ್ರತಿ ಜಾಗದ ನಂತರ ಬಕೆಟ್ಟಿನಲ್ಲಿ ಜಾಲಿಸಲೇಬೇಕು. ಹೊಸ ಮಿಟ್ಟನ್ನು ಮೊದಲು ಗಾಜಿನ ಮೇಲೆ ಒಂದೆರಡು ನಿಮಿಷ ಉಜ್ಜಿ ಪಳಗಿಸಿ, ಆಮೇಲೆ ಪೇಂಟಿಗೆ ತನ್ನಿ. ಕಪ್ಪು ಕಾರಿಗೆ ಬಾರ್ ಒಳ್ಳೆಯದು.

ಕ್ಲೇ ಮಾಡಿದ ಮೇಲೆ ಪೇಂಟ್ ಮಂಕಾಗಿ ಕಾಣುತ್ತಿದೆ. ಏನು ತಪ್ಪಾಯಿತು?

ಕ್ಲೇ ತನ್ನದೇ ಸಣ್ಣ ಗೀರುಗಳನ್ನು ಬಿಟ್ಟಿದೆ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ದ್ರಾವಣ ಸಾಲದೆ ಒಣಗಿತು, ಕ್ಲೇ ಒರಟು ದರ್ಜೆಯದು, ಅಥವಾ ಕೊಳೆಯಾದ ಮುಖವನ್ನು ಮಡಚದೆ ಬಳಸಿದಿರಿ. ಪೇಂಟ್ ಮೆತ್ತಗಿದ್ದರೆ ಎಲ್ಲವೂ ಸರಿಯಿದ್ದೂ ಸ್ವಲ್ಪ ಮಂಕು ಬರಬಹುದು.

ಹಳೆಯ ವ್ಯಾಕ್ಸ್ ಈಗಾಗಲೇ ಇದ್ದ ಗೀರುಗಳನ್ನು ತುಂಬಿ ಮರೆಮಾಡಿರುವುದೂ ಉಂಟು. ಅದು ಹೋದಾಗ ಅವೆಲ್ಲ ಬಯಲಾಗುತ್ತವೆ, ಬೈಗುಳ ಮಾತ್ರ ಕ್ಲೇಗೆ. ಎರಡನ್ನೂ ಬೇರೆ ಮಾಡಲು ಟಾರ್ಚ್ ಹಿಡಿದು ನೋಡಿ. ಕೈ ಆಡಿದ ದಿಕ್ಕಿನಲ್ಲೇ ನೇರ ಸಣ್ಣ ಗೆರೆಗಳಿದ್ದರೆ ಕ್ಲೇಯದ್ದು. ಬೆಳಕಿನ ಸುತ್ತ ಜೇಡರ ಬಲೆಯಂತೆ ಕಂಡರೆ ಹಳೆಯ ತೊಳೆತದ್ದು.

ಪರಿಹಾರ ಎರಡಕ್ಕೂ ಒಂದೇ: ಮೆತ್ತನೆಯ ಫೋಮ್ ಪ್ಯಾಡ್‌ನಲ್ಲಿ ನುಣುಪು ಫಿನಿಶಿಂಗ್ ಪಾಲಿಶ್. ಕ್ಲೇಯ ಗೀರು ಆಳವಿರುವುದಿಲ್ಲ, ಕೈಯಲ್ಲೇ ಹಾಕಿದರೂ ಬಹಳಷ್ಟು ಹೋಗುತ್ತದೆ. ಪಾಲಿಶ್, ವ್ಯಾಕ್ಸ್ ಎರಡೂ ಸೇರಿದ ಕ್ಲೀನರ್ ವ್ಯಾಕ್ಸ್ ಹಾಕಿದರೆ ಒಂದೇ ಹಂತದಲ್ಲಿ ಮುಗಿಯುತ್ತದೆ, ಬಾಳಿಕೆ ಮಾತ್ರ ಸ್ವಲ್ಪ ಕಡಿಮೆ. ಗೀರನ್ನು ಹಾಗೇ ಬಿಟ್ಟು ಮೇಲೆ ವ್ಯಾಕ್ಸ್ ಹಾಕಿದರೆ ಕೆಲವು ವಾರ ಮರೆಯಾಗಿ, ವ್ಯಾಕ್ಸ್ ಸವೆದಂತೆ ಮತ್ತೆ ಕಾಣಿಸುತ್ತದೆ.

ಹಾಗಾದರೆ ಕ್ಲೇ ಕ್ಲಿಯರ್ ಕೋಟನ್ನೂ ತೆಳುವಾಗಿಸುತ್ತದೆಯೇ?

ಕಾರ್ಖಾನೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ನುಣುಪು ಕ್ಲೇಯನ್ನು ಸಾಕಷ್ಟು ದ್ರಾವಣದೊಂದಿಗೆ ಉಜ್ಜಿದಾಗ ಹೋಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಚಿಂತೆ ಮಾಡಬೇಕಾದ್ದು ಕ್ಲೇ ಬಿಟ್ಟ ಮಂಕನ್ನು ತೆಗೆಯಲು ಹಾಕುವ ಪಾಲಿಶ್ ಬಗ್ಗೆ. ಅದು ಕ್ಲಿಯರ್ ಕೋಟನ್ನೇ ಸವೆಸುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕ್ಲೇ, ಪ್ರತಿ ಸಲ ಪಾಲಿಶ್ ಎಂದು ನಡೆಸಿದರೆ ಅಂಚುಗಳಲ್ಲಿ ಮೊದಲು ಬಣ್ಣ ಬಯಲಾಗುತ್ತದೆ.

ಕಬ್ಬಿಣದ ಕಣ ಕರಗಿಸುವ ದ್ರಾವಣ ಹಾಕಿದರೆ ಕ್ಲೇ ಬಿಡಬಹುದೇ? ಅದು ವ್ಯಾಕ್ಸ್ ತೆಗೆಯುವುದಿಲ್ಲವೇ?

ವ್ಯಾಕ್ಸ್ ಚೆನ್ನಾಗಿದ್ದರೆ ಮೊದಲು ಇದನ್ನೇ ಹಾಕಿ ನೋಡಿ ಎಂಬುದು ನಮ್ಮ ಸಲಹೆ. ಇದರಲ್ಲಿರುವ ಥಯೋಗ್ಲೈಕೊಲೇಟ್ ಲವಣ ಕಬ್ಬಿಣದೊಂದಿಗೆ ಸೇರಿ ನೀರಿನಲ್ಲಿ ಕರಗುವ ನೇರಳೆ ಸಂಯುಕ್ತವಾಗುತ್ತದೆ. ಮೂಗಿಗೆ ಬಡಿಯುವ ಗಂಧಕದ ವಾಸನೆ ಅದರದ್ದೇ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಉಜ್ಜುವ ಕೆಲಸ ಇಲ್ಲದ ಕಾರಣ ಗೀರಿನ ಭಯವಿಲ್ಲ. ಪಿಎಚ್ ತಟಸ್ಥ ದ್ರಾವಣಗಳು ವ್ಯಾಕ್ಸನ್ನು ಸ್ವಲ್ಪ ದುರ್ಬಲ ಮಾಡಬಹುದು, ಕ್ಲೇಯಂತೆ ಕಿತ್ತುಹಾಕುವುದಿಲ್ಲ.

ಆದರೆ ಅದು ಕರಗಿಸುವುದು ಕಬ್ಬಿಣವನ್ನು ಮಾತ್ರ. ಮರದ ಅಂಟು, ಬಣ್ಣದ ತುಂತುರು, ಸುಣ್ಣ ಹಾಗೇ ಉಳಿಯುತ್ತವೆ. ದ್ರಾವಣ ಹಾಕಿ ತೊಳೆದ ಮೇಲೂ ಚೀಲದೊಳಗಿನ ಬೆರಳಿಗೆ ತರಿ ಸಿಕ್ಕರೆ ಕ್ಲೇ ಬೇಕೇ ಬೇಕು.

ಟಾರ್ ರಿಮೂವರ್ ಕಥೆ ಬೇರೆ. ಅದು ಪೆಟ್ರೋಲಿಯಂ ದ್ರಾವಕ, ಡಾಂಬರಿನ ಜೊತೆ ಮೇಣವನ್ನೂ ಕರಗಿಸುತ್ತದೆ. ಹಾಕಿದಲ್ಲೆಲ್ಲ ವ್ಯಾಕ್ಸ್ ಹೋಯಿತೆಂದು ತಿಳಿಯಿರಿ.

ಕ್ಲೇ ಆದ ಮೇಲೆ ನೇರ ವ್ಯಾಕ್ಸ್ ಹಾಕಬಹುದೇ, ಆಲ್ಕೊಹಾಲ್‌ನಲ್ಲಿ ಒರೆಸಬೇಕೇ?

ಕಾರ್ನೌಬಾದಂಥ (ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ) ಸಾಂಪ್ರದಾಯಿಕ ವ್ಯಾಕ್ಸ್ ಆದರೆ ಕ್ಲೇ ನಂತರ ತೊಳೆದು ಒಣಗಿಸಿ ನೇರ ಹಾಕಿ. ಉಳಿದ ಎಣ್ಣೆಯ ಅಂಶದ ಮೇಲೂ ಅದು ಕೂರುತ್ತದೆ.

ಸಿಂಥೆಟಿಕ್ ಸೀಲಂಟ್ (ಮೇಣದ ಬದಲು ಕೃತಕ ಪಾಲಿಮರಿನ ರಕ್ಷಣಾ ಪದರ) ಅಥವಾ ಸೆರಾಮಿಕ್ ಕೋಟಿಂಗ್ (ಗಾಜಿನಂತೆ ಗಟ್ಟಿಯಾಗಿ ಕೂರುವ ಪದರ) ಹಾಕುವುದಾದರೆ ಒರೆಸಲೇಬೇಕು. ಅವು ಬರಿ ಕ್ಲಿಯರ್ ಕೋಟಿಗೆ ಹಿಡಿದುಕೊಳ್ಳಬೇಕಾದವು. ಕ್ಲೇ ಬಿಟ್ಟುಹೋದ ವ್ಯಾಕ್ಸ್ ತುಣುಕು, ಪಾಲಿಶ್ ಎಣ್ಣೆ ನಡುವೆ ಬಂದರೆ ಅಲ್ಲಲ್ಲಿ ಬೇಗ ಬಿಟ್ಟುಬಿಡುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಶೇ 10ರಿಂದ 15ರಷ್ಟು ಬರುವಂತೆ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ, ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಂಡು ಒಂದರಿಂದ ಸವರಿ, ಇನ್ನೊಂದರಿಂದ ಒರೆಸಿ. ಇದಕ್ಕೆಂದೇ ಸಿಗುವ ಪ್ಯಾನಲ್ ವೈಪ್ ದ್ರಾವಣ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆಲ್ಕೊಹಾಲನ್ನು ಬೆರೆಸದೆ ಹಾಗೇ ಹಚ್ಚಬೇಡಿ: ಜಾರುವಿಕೆ ಇಲ್ಲದೆ ಬಟ್ಟೆಯೇ ಗೀರು ಹಾಕುತ್ತದೆ, ಪೇಂಟಿಗೂ ಒಳ್ಳೆಯದಲ್ಲ.

ಎರಡನ್ನೂ ಹಾಕುವ ಆಸೆಯಿದ್ದರೆ ಮೊದಲು ಸೀಲಂಟ್, ಅದು ಹಿಡಿದುಕೊಳ್ಳಲು 12ರಿಂದ 24 ಗಂಟೆ ಬಿಟ್ಟು ಮೇಲೆ ವ್ಯಾಕ್ಸ್. ಮೇಣದ ಮೇಲೆ ಸೀಲಂಟ್ ನಿಲ್ಲುವುದಿಲ್ಲ.

ವ್ಯಾಕ್ಸ್ ಎಷ್ಟು ಹಾಕಬೇಕು? ದಪ್ಪ ಹಾಕಿದರೆ ಹೆಚ್ಚು ದಿನ ಬರುತ್ತದೆಯೇ?

ಬರುವುದಿಲ್ಲ. ಪೇಂಟಿಗೆ ಅಂಟಿದಷ್ಟು ಮಾತ್ರ ಉಳಿಯುತ್ತದೆ, ಮಿಕ್ಕದ್ದು ಬಟ್ಟೆಗೆ. ದ್ರವ ವ್ಯಾಕ್ಸ್ ಆದರೆ ಇಡೀ ಕಾರಿಗೆ 30 ಮಿಲಿಲೀಟರ್ ಆಸುಪಾಸು ಸಾಕು. ಫೋಮ್ ಪ್ಯಾಡ್‌ಗೆ ಒಂದಿಷ್ಟು ಹಚ್ಚಿಕೊಂಡು, ಪೇಂಟ್ ಮೇಲೆ ಮಂಜು ಹಿಡಿದಷ್ಟೇ ಕಾಣುವಂತೆ ಸವರಿ. ಬೆರಳಿನಿಂದ ಒಮ್ಮೆ ಎಳೆದು ನೋಡಿ: ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹೊತ್ತು, ಕಲಸಿಕೊಂಡರೆ ಇನ್ನೂ ಸ್ವಲ್ಪ ಕಾಯಿರಿ.

ಕ್ಲೇ ಆದ ಪೇಂಟಿಗೆ ಎರಡನೆಯ ಪದರ ಹಾಕುವುದು ಒಳ್ಳೆಯದೇ. ಅದು ದಪ್ಪ ಹೆಚ್ಚಿಸಲು ಅಲ್ಲ, ಮೊದಲ ಸಲ ತಪ್ಪಿದ ಜಾಗಗಳನ್ನು ಮುಚ್ಚಲು. ಒಂದು ದಿನ ಬಿಟ್ಟು ಹಾಕಿ.

ಬಾಳಿಕೆಯ ಅಂದಾಜು ಹೀಗಿದೆ: ಕಾರ್ನೌಬಾ ವ್ಯಾಕ್ಸ್ ನಾಲ್ಕರಿಂದ ಎಂಟು ವಾರ, ಸಿಂಥೆಟಿಕ್ ಸೀಲಂಟ್ ನಾಲ್ಕರಿಂದ ಆರು ತಿಂಗಳು. ಸದಾ ಬಿಸಿಲಿನಲ್ಲಿ ನಿಲ್ಲುವ, ದಿನಾ ಓಡುವ ಕಾರಿಗೆ ಕೆಳಗಿನ ಅಂಕಿಯನ್ನೇ ಹಿಡಿಯಿರಿ.

ಸೆರಾಮಿಕ್ ಕೋಟಿಂಗ್ ಇರುವ ಕಾರಿಗೆ ಕ್ಲೇ ಮಾಡಬಹುದೇ?

ಕೋಟಿಂಗ್ ಮೇಣಕ್ಕಿಂತ ಎಷ್ಟೋ ಗಟ್ಟಿ, ಒಂದು ಸಲದ ನುಣುಪು ಕ್ಲೇಗೆ ಪೂರ್ತಿ ಹೋಗುವುದಿಲ್ಲ. ಆದರೆ ಸಣ್ಣ ಗೀರು ಬೀಳುತ್ತದೆ, ಅದನ್ನು ಪಾಲಿಶ್ ಮಾಡಿದರೆ ಕೋಟಿಂಗೇ ಹೋಗುತ್ತದೆ. ಕಬ್ಬಿಣ ಕರಗಿಸುವ ದ್ರಾವಣ, ಸುಣ್ಣದ ಕಲೆಗೆ ಆಮ್ಲೀಯ ಶಾಂಪೂ, ಡಾಂಬರಿಗೆ ಅಷ್ಟೇ ಜಾಗಕ್ಕೆ ಟಾರ್ ರಿಮೂವರ್: ಇಷ್ಟರಲ್ಲೇ ಮುಗಿಸಲು ನೋಡಿ. ಕ್ಲೇ ಕಟ್ಟಕಡೆಯ ದಾರಿ, ಅದೂ ತರಿ ಇರುವಲ್ಲಿ ಮಾತ್ರ.

ಹಕ್ಕಿ ಹಿಕ್ಕೆಯ ಗುರುತು, ನೀರಿನ ಕಲೆ ಕ್ಲೇಯಿಂದ ಹೋಗುತ್ತವೆಯೇ?

ಪೇಂಟಿನ ಮೇಲೆ ಎದ್ದು ನಿಂತದ್ದು ಹೋಗುತ್ತದೆ, ಪೇಂಟಿನೊಳಗೆ ಕೊರೆದದ್ದು ಹೋಗುವುದಿಲ್ಲ. ಹಿಕ್ಕೆ ಬಿಸಿಲಿನಲ್ಲಿ ಒಣಗಿ ಕ್ಲಿಯರ್ ಕೋಟನ್ನು ತಿಂದು ಕುಳಿ ಮಾಡಿರುತ್ತದೆ, ಅದಕ್ಕೆ ಪಾಲಿಶ್ ಬೇಕು. ನೀರಿನ ಕಲೆಯಲ್ಲಿ ಸುಣ್ಣ ಮೇಲ್ಮೈಯಲ್ಲಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಒಂದು ನಿಮಿಷ ಹಚ್ಚಿ ತೊಳೆಯಿರಿ. ಸುಣ್ಣ ಕರಗುತ್ತದೆ, ಅಲ್ಲಿ ವ್ಯಾಕ್ಸ್ ಮತ್ತೆ ಹಾಕಬೇಕಾಗುತ್ತದೆ. ಕಲೆ ಆಮೇಲೂ ಉಂಗುರದಂತೆ ಉಳಿದರೆ ಅದು ಒಳಗಿಳಿದಿದೆ.

ಎಲ್ಲಿ ಕ್ಲೇ ಹಾಕಬಾರದು?

ಮ್ಯಾಟ್ ಪೇಂಟಿಗೆ ಬೇಡ, ಉಜ್ಜಿದಲ್ಲಿ ಹೊಳಪಿನ ತೇಪೆ ಬೀಳುತ್ತದೆ, ಸರಿಪಡಿಸಲಾಗದು. ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮೇಲೆ ಬೇಡ. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಪೇಂಟರ್ ಹೇಳಿದಷ್ಟು ಕಾಲ, ಸಾಮಾನ್ಯವಾಗಿ 30ರಿಂದ 90 ದಿನ, ಕ್ಲೇಯೂ ಬೇಡ ವ್ಯಾಕ್ಸೂ ಬೇಡ. ಪೇಂಟ್ ಎದ್ದುಬರುತ್ತಿರುವ ಅಂಚು, ಕಲ್ಲೇಟಿನ ಗುಳಿಗಳ ಸುತ್ತ ತಪ್ಪಿಸಿ, ಕ್ಲೇ ಅಂಚನ್ನು ಹಿಡಿದು ಸಿಪ್ಪೆ ಎಬ್ಬಿಸುತ್ತದೆ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾಲದ ಪೇಂಟ್ ಆದರೆ ಕಾರಿನ ಬಣ್ಣ ಕ್ಲೇಗೆ ಹತ್ತುತ್ತದೆ. ಹಾನಿಯಲ್ಲ, ಗಾಬರಿ ಬೇಡ.

ಗಾಜಿಗೆ ಧಾರಾಳವಾಗಿ ಹಾಕಬಹುದು. ಅದಕ್ಕೆ ಬೇರೆ ತುಂಡು ಇರಲಿ. ಚಕ್ರಕ್ಕೆ ಬಳಸಿದ್ದನ್ನಂತೂ ಪೇಂಟಿಗೆ ಎಂದೂ ತರಬೇಡಿ.

ವರ್ಷಕ್ಕೆ ಎಷ್ಟು ಸಲ?

ವ್ಯಾಕ್ಸನ್ನು ಕ್ಯಾಲೆಂಡರ್ ನೋಡಿ ಹಾಕಿ, ಕ್ಲೇಯನ್ನು ಬೆರಳು ಹೇಳಿದಾಗ ಮಾತ್ರ. ಹೆಚ್ಚಿನ ಕಾರುಗಳಿಗೆ ವರ್ಷಕ್ಕೆ ಒಂದು ಅಥವಾ ಎರಡು ಸಲ ಸಾಕಾಗುತ್ತದೆ. ಪ್ರತಿ ಸಲ ವ್ಯಾಕ್ಸ್ ಹಾಕುವ ಮುಂಚೆಯೂ ಕ್ಲೇ ಬೇಕೆಂಬ ನಿಯಮವಿಲ್ಲ. ಪೇಂಟ್ ನುಣುಪಾಗಿದ್ದರೆ ತೊಳೆದು, ಹಳೆಯ ವ್ಯಾಕ್ಸ್ ಮೇಲೇ ಹೊಸದು ಹಾಕಿ. ವ್ಯಾಕ್ಸ್ ತಪ್ಪದೆ ಹಾಕುತ್ತಿದ್ದರೆ ಕೊಳೆ ಗಟ್ಟಿಯಾಗಿ ಕಚ್ಚುವುದೂ ಕಡಿಮೆ, ಎರಡು ಕ್ಲೇಗಳ ನಡುವಿನ ಅಂತರ ತಾನಾಗಿಯೇ ಉದ್ದವಾಗುತ್ತದೆ.

ಕ್ಲೇ ಮುಗಿಸಿದೆ, ಅಷ್ಟರಲ್ಲಿ ಕತ್ತಲಾಯಿತು. ವ್ಯಾಕ್ಸ್ ನಾಳೆ ಹಾಕಿದರೆ ನಡೆಯುತ್ತದೆಯೇ?

ಕಾರು ಒಳಗೆ ನಿಂತಿದ್ದರೆ ಒಂದು ರಾತ್ರಿಗೆ ಏನೂ ಆಗದು. ಬೆಳಗ್ಗೆ ಧೂಳನ್ನು ಒಣಬಟ್ಟೆಯಲ್ಲಿ ಒರೆಸದೆ ಮತ್ತೆ ತೊಳೆದು ವ್ಯಾಕ್ಸ್ ಹಾಕಿ. ಬಯಲಿನಲ್ಲಿ ನಿಲ್ಲಿಸಬೇಕಾದರೆ ಸ್ಪ್ರೇ ವ್ಯಾಕ್ಸ್ ಒಂದು ಸುತ್ತು ಹೊಡೆದು ಒರೆಸಿಬಿಡಿ, ಹತ್ತು ನಿಮಿಷದ ಕೆಲಸ. ಮರುದಿನ ಸೀಲಂಟ್ ಹಾಕುವ ಯೋಚನೆಯಿದ್ದರೆ ಮಾತ್ರ ಆ ಸ್ಪ್ರೇಯನ್ನು ಪ್ಯಾನಲ್ ವೈಪ್‌ನಿಂದ ತೆಗೆಯಬೇಕಾಗುತ್ತದೆ.

ಉಳಿದ ಕ್ಲೇಯನ್ನು ಇಡುವುದು ಹೇಗೆ, ಎಸೆಯುವುದು ಯಾವಾಗ?

ಜಾರು ದ್ರಾವಣ ಎರಡು ಸಲ ಸಿಂಪಡಿಸಿ, ಗಾಳಿಯಾಡದ ಡಬ್ಬ ಅಥವಾ ಜಿಪ್ ಚೀಲದಲ್ಲಿಟ್ಟು ತಂಪಾದ ಕಡೆ ಇಡಿ. ಒಣಗಿದ ಕ್ಲೇ ಪುಡಿಯಾಗುತ್ತದೆ, ಕಾರಿನ ಡಿಕ್ಕಿಯ ಬಿಸಿಗೆ ಡಬ್ಬಕ್ಕೇ ಅಂಟಿಕೊಳ್ಳುತ್ತದೆ. ಎಷ್ಟು ಮಡಚಿದರೂ ಶುಭ್ರ ಮುಖ ಸಿಗದಿದ್ದರೆ ಪೇಂಟಿಗೆ ಅದರ ಆಯುಷ್ಯ ಮುಗಿದಂತೆ. ಅದನ್ನು ಚಕ್ರಕ್ಕೆಂದು ಬೇರೆ ಚೀಲದಲ್ಲಿ, ಮೇಲೆ ಹೆಸರು ಬರೆದು ಇಡಿ.